ಲಾರಿಯ ಕಣ್ಣು ಮಂಕಾದಾಗ

ಹಳೆಯ ಲಾರಿಯ ಹೆಡ್‌ಲೈಟ್ ಮಂಕಾದರೆ ಮೊದಲು ಬೈಗುಳ ತಿನ್ನುವುದು ಬಲ್ಬು, ಆಮೇಲೆ ಬ್ಯಾಟರಿ. ಎರಡನ್ನೂ ಬದಲಿಸಿದ ಮೇಲೂ ದೀಪ ಹಳದಿಯಾಗಿಯೇ ಉರಿದರೆ ಚಾಲಕ ಕಂಗೆಡುತ್ತಾನೆ. ಕಳ್ಳ ಅಡಗಿರುವುದು ಬೇರೆ ಕಡೆ: ತುಕ್ಕು ಹಿಡಿದ ಬೋಲ್ಟಿನಡಿ, ಸಡಿಲಾದ ಹೋಲ್ಡರಿನಲ್ಲಿ, ಇಲ್ಲವೆ ಸವೆದ ಸ್ವಿಚ್ಚಿನೊಳಗೆ.

ತುಮಕೂರಿನಾಚೆ, ಹೆದ್ದಾರಿ ಬದಿಯ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ಇಂಥದೇ ಲಾರಿ ಬಂದು ನಿಂತಿತ್ತು. "ಬಲ್ಬು ಹೊಸದು, ಬ್ಯಾಟರಿ ಹೊಸದು ಅಣ್ಣ, ಆದ್ರೂ ರಾತ್ರಿ ದಾರಿ ಕಾಣಲ್ಲ" ಎಂದ ಚಾಲಕ. ಬಲ್ಬು ಕಳಚಿ ಹೋಲ್ಡರಿಗೆ ಮೀಟರ್ ಹಿಡಿದರೆ ಸರಿಯಾಗಿ 12 ವೋಲ್ಟ್. "ಕರೆಂಟು ಬರ್ತಿದೆಯಲ್ಲ!" ಎಂದ ಕ್ಲೀನರ್ ಹುಡುಗ. ವಯಸ್ಸಾದ ಮೆಕ್ಯಾನಿಕ್ ನಕ್ಕರು: "ಸುಮ್ನೆ ಕೂತವನು ಗಟ್ಟಿಗನೋ ಸೋಮಾರಿಯೋ ಹೇಗೆ ಗೊತ್ತಾಗುತ್ತಪ್ಪ? ಕೆಲಸ ಹಚ್ಚಿ ನೋಡ್ಬೇಕು."

ಅವರು ಬಲ್ಬು ಹಾಕಿ, ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ದೀಪದ ಕಪ್ಪು ತಂತಿಗೂ ತಾಗಿಸಿದರು. ಸೊನ್ನೆಯ ಹತ್ತಿರ ಇರಬೇಕಾದ ಮುಳ್ಳು 1.2 ವೋಲ್ಟ್ ತೋರಿಸಿತು. ಲಾರಿಯಲ್ಲಿ ಪ್ರವಾಹ ಬ್ಯಾಟರಿಗೆ ಮರಳುವುದು ಕಬ್ಬಿಣದ ಚಾಸಿಯ ಮೂಲಕ. ಎರಡೂ ದೀಪಗಳ ಕಪ್ಪು ತಂತಿ ಚಾಸಿಗೆ ಸೇರುವ ಬೋಲ್ಟಿನಲ್ಲಿ ತುಕ್ಕು ಕೂತಿತ್ತು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 60 ವಾಟ್‌ನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಎರಡು ಬಲ್ಬಿಗೆ 10. ತುಕ್ಕಿನ ರೋಧ ಕೇವಲ 0.12 ಓಮ್ ಇದ್ದರೂ ಸುಮಾರು 1.2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಬಲ್ಬು ಕಳಚಿದಾಗ ಪ್ರವಾಹವೇ ಇಲ್ಲ. ಆದ್ದರಿಂದ ನಷ್ಟವೂ ಕಾಣುವುದಿಲ್ಲ. ವಿಭವಾಂತರ ಹತ್ತನೆಯ ಒಂದು ಪಾಲು ಇಳಿದರೆ ಬೆಳಕು ಅಷ್ಟೇ ಇಳಿಯುವುದಿಲ್ಲ, ಸುಮಾರು ಶೇಕಡಾ 30 ಇಳಿಯುತ್ತದೆ. ತಂತು ಸ್ವಲ್ಪ ತಣ್ಣಗಾದರೂ ಸಾಕು, ಶಕ್ತಿಯ ಹೆಚ್ಚು ಪಾಲು ಕಣ್ಣಿಗೆ ಕಾಣದ ಶಾಖವಾಗಿ ಹೊರಬೀಳುತ್ತದೆ.

ಮೆಕ್ಯಾನಿಕ್ ಬ್ಯಾಟರಿಯ ಋಣ ತಂತಿ ಬಿಚ್ಚಿದರು. ಬೋಲ್ಟು ಕಳಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದರು. ಬ್ಯಾಟರಿ ಜೋಡಿಸಿ ಮತ್ತೆ ಅಳೆದರೆ 0.1 ವೋಲ್ಟಿಗೂ ಕಡಿಮೆ. ದೀಪ ಬೆಳ್ಳಗೆ ಉರಿಯಿತು.

ಒಂದೇ ದೀಪ ಮಂಕಾಗಿದ್ದರೆ ಆ ಬದಿಯ ಹೋಲ್ಡರ್, ಅರ್ಥ್ ತಂತಿ ನೋಡಬೇಕು. ಎರಡೂ ಮಂಕಾಗಿದ್ದರೆ ಎರಡಕ್ಕೂ ಸೇರಿದ ದಾರಿಯಲ್ಲಿ ಹುಡುಕಬೇಕು: ಸ್ವಿಚ್ಚು, ಫ್ಯೂಸ್, ಬ್ಯಾಟರಿಯ ತುದಿ, ಚಾಸಿಯ ಬೋಲ್ಟು.

ಅಪಾಯವಿರುವುದು ಅಡ್ಡದಾರಿಗಳಲ್ಲಿ. ದೀಪ ಮಂಕಾಯಿತೆಂದು 100 ವಾಟ್‌ನ ಬಲ್ಬು ಹಾಕಿದರೆ ಅದೇ ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 2.8 ಪಟ್ಟಾಗುತ್ತದೆ; ಎದುರಿನವನ ಕಣ್ಣೂ ಕುಕ್ಕುತ್ತದೆ. ಫ್ಯೂಸ್ ಸುಟ್ಟಿತೆಂದು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನೋ ದಪ್ಪ ತಾಮ್ರದ ತಂತಿಯನ್ನೋ ಸಿಕ್ಕಿಸಿದರೆ, ಮುಂದಿನ ಸಲ ಫ್ಯೂಸಿನ ಬದಲು ವೈರಿಂಗೇ ಹೊತ್ತಿಕೊಳ್ಳಬಹುದು. ದೀಪದ ಪ್ರವಾಹವೆಲ್ಲ ಚಾಲಕನ ಸ್ವಿಚ್ಚಿನ ಮೂಲಕವೇ ಹಾಯುವ ಹಳೆಯ ಲಾರಿಗಳಿಗೆ ಫ್ಯೂಸ್ ಸಮೇತ ರಿಲೇ ಹಾಕಿಸುವುದು ಒಳ್ಳೆಯದು. ಆಗ ಸ್ವಿಚ್ಚಿನಲ್ಲಿ ಹರಿಯುವುದು ಅರ್ಧ ಆಂಪಿಯರಿಗೂ ಕಡಿಮೆ.

ಗಂಟೆಗೆ 60 ಕಿ.ಮೀ. ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ರಸ್ತೆ ಬದಿ ದೀಪವಿಲ್ಲದೆ ನಿಂತ ಕಬ್ಬಿನ ಗಾಡಿ ಒಂದು ಸೆಕೆಂಡು ತಡವಾಗಿ ಕಂಡರೂ ಆ 17 ಮೀಟರ್ ಕೈತಪ್ಪಿದಂತೆಯೇ.

ಶಾಲಾ ಶಿಕ್ಷಕರಾಗಿದ್ದ ಜರ್ಮನಿಯ ಜಾರ್ಜ್ ಸೈಮನ್ ಓಮ್ ತಮ್ಮ ನಿಯಮವನ್ನು ವಿವರಿಸುವ ಪುಸ್ತಕ ಪ್ರಕಟಿಸಿದ್ದು 1827ರಲ್ಲಿ. ಪ್ರವಾಹವನ್ನು ರೋಧದಿಂದ ಗುಣಿಸಿದರೆ ವಿಭವಾಂತರ ಎಂದು ನಮ್ಮ ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಮನೆಯಲ್ಲಿ ಲಾರಿಯೋ ಟ್ರ್ಯಾಕ್ಟರೋ ಇರುವ ತಂದೆಯವರು ಒಂದು ಭಾನುವಾರ ಮಕ್ಕಳ ಕೈಗೆ ಮೀಟರ್ ಕೊಟ್ಟು, ಪಕ್ಕದಲ್ಲೇ ನಿಂತು, ಎಂಜಿನ್ ನಿಲ್ಲಿಸಿ ಅಳೆಯಿಸಲಿ. ಸ್ಪ್ಯಾನರ್ ಬ್ಯಾಟರಿಯ ಎರಡೂ ತುದಿಗೆ ಒಟ್ಟಿಗೆ ತಾಗದಂತೆ ಮಾತ್ರ ಎಚ್ಚರವಿರಲಿ. ಪಾಠದ ಲೆಕ್ಕಕ್ಕೂ ಮನೆಯವರ ರಾತ್ರಿ ಪ್ರಯಾಣಕ್ಕೂ ಇರುವ ನಂಟು ಮಕ್ಕಳಿಗೆ ಆಗ ತಾನಾಗಿಯೇ ಅರ್ಥವಾಗುತ್ತದೆ.