ದಾದಿಯ ಪೆಟ್ಟಿಗೆ

ದಾದಿ ಬದುಕಿರುವವರೆಗೂ ಆ ತಗಡಿನ ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ನಮ್ಮ ಖಾನ್‌ದಾನಿನ ಚರಿತ್ರೆಯೆಲ್ಲ ಅದರೊಳಗಿದೆ ಎಂದು ನಾವು ನಂಬಿಕೊಂಡಿದ್ದೆವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನರ ಕುದುರೆಪಡೆಯ ಹಿರಿಯರೊಬ್ಬರು ಕೋರಕ್ಕೆ ಬಂದು ನೆಲೆಸಿದರು, ನಾವು ಶೇಖ್‌ಗಳು ಎಂದು ಬಡೇ ಅಬ್ಬಾ ಹೇಳುತ್ತಿದ್ದರು. ಈದ್ ದಿನ ಊಟವಾದ ಮೇಲೆ ಈ ಕಥೆ ಕಡ್ಡಾಯ. ವರ್ಷದಿಂದ ವರ್ಷಕ್ಕೆ ಕುದುರೆಗಳ ಸಂಖ್ಯೆಯೂ ಹೆಚ್ಚುತ್ತಿತ್ತು.

ದಾದಿ ಹೋದ ಮೇಲೂ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. 2023ರ ಮಾರ್ಚ್‌ನಲ್ಲಿ ಮುಸ್ಲಿಮರ 2ಬಿ ಮೀಸಲಾತಿ ರದ್ದುಪಡಿಸುವ ಆದೇಶ ಹೊರಬಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಅದು ಜಾರಿಗೆ ಬರದೆ ನಿಂತಿತು ನಿಜ. ಆದರೆ ಕಾಲೇಜಿಗೆ ಸೇರುವ ಮಕ್ಕಳಿದ್ದ ಮನೆಗಳಲ್ಲಿ ಅಷ್ಟರಲ್ಲೇ ನಿದ್ದೆ ಹಾರಿಹೋಗಿತ್ತು. ಪಿಂಜಾರ, ನದಾಫರು ಪ್ರವರ್ಗ 1ರಲ್ಲಿದ್ದಾರೆ, ಅವರಿಗೆ ಇದು ತಟ್ಟುವುದಿಲ್ಲ ಎಂದು ಪತ್ರಿಕೆಯಲ್ಲಿ ಓದಿದ ತಮ್ಮನ ಮಗಳು, "ಹಾಗಾದರೆ ನಾವು ಯಾರು?" ಎಂದು ಕೇಳಿದಳು. "ಶೇಖ್!" ಎಂದು ಬಡೇ ಅಬ್ಬಾ ಗದರಿದರು. ದಾದಿಯ ತವರಿನವರು ಮಾತ್ರ ಮುಖ ಮುಖ ನೋಡಿಕೊಂಡರು.

ಪೆಟ್ಟಿಗೆ ತೆರೆದೆವು. ಕಂದಾಯದ ರಸೀದಿಗಳು, ಹಳೆಯ ರೇಷನ್ ಕಾರ್ಡು, ದಾದಾರ ನಿಕಾಹ್‌ನಾಮಾ. ತಳದಲ್ಲಿ ಮೈಸೂರು ಸಂಸ್ಥಾನದ ಕಾಲದ ಛಾಪಾಕಾಗದದ ಮೇಲೆ ಒಂದು ಕ್ರಯಪತ್ರ. ಉರ್ದು ಕಾಗದಗಳನ್ನು ಸಲೀಸಾಗಿ ಓದಿದ ನಮಗೆ ಕ್ರಯಪತ್ರದ ಕನ್ನಡ ಕೈಕೊಟ್ಟಿತು. ಪದ ಪದಕ್ಕೂ ನಡುವೆ ಜಾಗವಿಲ್ಲದ ಮೋಡಿಯ ಬರಹ.

ಅದನ್ನು ಶಾನುಭೋಗರ ಮನೆಗೆ ಒಯ್ದೆವು. ವಂಶಪಾರಂಪರ್ಯದ ಶಾನುಭೋಗಿಕೆಯನ್ನು ಕಿತ್ತುಹಾಕುವ ಕಾನೂನು ಬಂದದ್ದು 1961ರಲ್ಲಿ. ಊರಿನ ಬಾಯಲ್ಲಿ ಅದು ಇವತ್ತಿಗೂ ಶಾನುಭೋಗರ ಮನೆಯೇ. ಅಲ್ಲಿನ ಯಜಮಾನರು ಮೊದಲು ಅಟ್ಟದಿಂದ ಒಂದು ಕಡತ ಇಳಿಸಿ ತೋರಿಸಿದರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಚಿ, ಬಳಪದಲ್ಲಿ ಲೆಕ್ಕ ಬರೆದದ್ದು. ಕಚೇರಿಗಳಲ್ಲಿ ಫೈಲಿಗೆ ಕಡತ ಎನ್ನುತ್ತೇವಲ್ಲ, ಅದರ ಮೂಲ ಇದೇ.

ಆಮೇಲೆ ಕನ್ನಡಕ ಏರಿಸಿ ನಮ್ಮ ಕಾಗದ ಹಿಡಿದರು. ಚಕ್ಕುಬಂದಿ ಓದಿದರು. ತಟ್ಟನೆ ನಿಲ್ಲಿಸಿ, "ಓದ್ಲಾ ಸಾಹೇಬ್ರೇ?" ಎಂದರು.

"ಓದಿ ಸ್ವಾಮಿ."

ನಮ್ಮ ಮುತ್ತಜ್ಜನ ಹೆಸರಿನ ಮುಂಚೆ 'ಪಿಂಜಾರ' ಎಂದಿತ್ತು. ಜಮೀನು ಹನ್ನೆರಡು ಗುಂಟೆ. ಮಾರಿದವರು ತಮ್ಮ ಮಗಳ ಮದುವೆಗೆ ಹಾಸಿಗೆ, ದಿಂಬು ಮಾಡಿಸಿದ ಬಾಬ್ತು ಕೊಡಬೇಕಿದ್ದ ಬಾಕಿಯನ್ನು ಕ್ರಯದ ಹಣದಲ್ಲಿ ವಜಾ ಮಾಡಿಕೊಂಡಿದ್ದರು. ಮನೆಮನೆಗೆ ಬಿಲ್ಲು ಹೊತ್ತು ಹೋಗಿ ಹತ್ತಿ ಹಿಂಜಿ, ಕಂಡವರ ಮದುವೆಗೆಲ್ಲ ಹಾಸಿಗೆ ಹೊಲಿದ ಮನುಷ್ಯ, ಆ ಕೂಲಿಯನ್ನೇ ಭೂಮಿಯಾಗಿ ಪಡೆದಿದ್ದ. ಕುದುರೆ ಎಲ್ಲೂ ಇರಲಿಲ್ಲ. ಆದರೆ ಜಮೀನು, ಬಾಕಿ, ಹಕ್ಕು, ವಾರಸುದಾರ ಎಂದು ಅರಬಿ, ಪಾರಸಿ ಮಾತುಗಳು ಮಾತ್ರ ಸಾಲುಸಾಲಿಗೂ ಇದ್ದವು. ಬರೆದವರು ಶಾನುಭೋಗರು!

ಬಡೇ ಅಬ್ಬಾ ಆ ರಾತ್ರಿ ಉಣ್ಣಲಿಲ್ಲ. ತಡವಾಗಿ, ಯಾರ ಕಡೆಗೂ ನೋಡದೆ ಹೇಳಿದರು: "ಬಿಲ್ಲು ಅಟ್ಟದ ಮೇಲಿತ್ತು. ಇಸ್ಕೂಲಲ್ಲಿ ಹುಡುಗರು ನನ್ನ ಕಂಡ್ರೆ ಟಂಯ್ ಟಂಯ್ ಅಂತಿದ್ರು. ಒಂದಿನ ಮುರಿದು ಹಂಡೆ ಒಲೆಗೆ ಹಾಕ್ಬಿಟ್ಟೆ. ಅಮ್ಮ ತಿಂಗಳಾನುಗಟ್ಟಲೆ ನನ್ನ ಜೊತೆ ಮಾತಾಡ್ಲಿಲ್ಲ."

ಅವರಿಗೆ ಗೊತ್ತಿತ್ತು. ಅಷ್ಟು ವರ್ಷ ಕುದುರೆಗಳನ್ನು ಕಟ್ಟಿಕೊಂಡು ಅವರು ಏನನ್ನು ಮರೆಯಲು ಹೆಣಗಿದ್ದರೆಂದು ನಮಗೆ ಆಗ ಹೊಳೆಯಿತು. ಕಥೆ ಬರೆಯುವವರು ಮನೆಯಲ್ಲೇ ಇದ್ದೂ ಅದನ್ನು ಒಂದು ದಿನ ಕೇಳಿರಲಿಲ್ಲ.

ಬೆಳಿಗ್ಗೆ ಹುಡುಗಿ ಅರ್ಜಿ ತುಂಬುತ್ತ ಕುಳಿತಿದ್ದಳು. ಕುಲಕಸುಬಿನ ಜಾಗ ಬಂದಾಗ ಬಡೇ ಅಬ್ಬಾ, "ಇತ್ತ ಕೊಡು ಬೇಟಿ" ಎಂದು ಪೆನ್ನು ಕಸಿದುಕೊಂಡು 'ನದ್ದಾಫ್' ಎಂದು ಚೆಂದದ ಉರ್ದುವಿನಲ್ಲಿ ಬರೆದುಬಿಟ್ಟರು. ತುಮಕೂರಿಗೆ ಹೋಗಿ ಇನ್ನೊಂದು ಅರ್ಜಿ ತರಬೇಕಾಯಿತು.