ಹಕ್ಕಿಯ ಸುದ್ದಿ ಯಾರದು?

ದಿಲ್ಲಿ ಸೇರಿದ ಕನ್ನಡಿಗರು ಚಳಿಗಾಲ ಬಂತೆಂದರೆ ರಜಾಯಿಯೊಳಗೆ ಹೊಕ್ಕು ಊರಿನ ಬಿಸಿಲನ್ನು ನೆನೆಯುತ್ತಾರೆ. ನನಗೆ ಅದು ಹಬ್ಬದ ಕಾಲ. ಯಮುನೆಯ ಓಖ್ಲಾ ಬ್ಯಾರೇಜಿನ ಹಿನ್ನೀರಿಗೆ ಬಡಗಣದ ಬಾತುಗಳು ಬಂದಿಳಿಯುತ್ತವೆ. ಈಗ ಮೆಟ್ರೋದಲ್ಲೇ ಹೋಗಬಹುದು, ನಿಲ್ದಾಣದ ಹೆಸರೇ ಓಖ್ಲಾ ಪಕ್ಷಿಧಾಮ. ನದಿಯ ನಾತವನ್ನು ತಡೆದುಕೊಂಡರೆ ಸಾಕು.

ಬಾತು, ಕೊಕ್ಕರೆಗಳನ್ನು ಯಾರಾದರೂ ನೋಡಿಯಾರು. ನಿಜವಾದ ಮಜಾ ಇರುವುದು ದಂಡೆಯ ಜಾಲಿಯಲ್ಲಿ. ನಮ್ಮ ಬಳ್ಳಾರಿ ಜಾಲಿಯೇ ಇಲ್ಲಿ ವಿಲಾಯತಿ ಕೀಕರ್. ಅದರೊಳಗೆ ಹೆಬ್ಬೆರಳ ಗಾತ್ರದ, ಮಾಸಲು ಬಣ್ಣದ ಉಲಿಯಕ್ಕಿಗಳು ಕ್ಷಣವೂ ನಿಲ್ಲದೆ ಹುಳ ಹೆಕ್ಕುತ್ತಿರುತ್ತವೆ. ಎಲ್ಲವೂ ಒಂದೇ ಥರ. ನಾನು ದುರ್ಬೀನು ಹಿಡಿದು ಕತ್ತು ನೋಯಿಸಿಕೊಳ್ಳುತ್ತಿದ್ದಾಗ ಪಕ್ಕದಲ್ಲಿದ್ದ ಪಂಜಾಬಿ ಹಿರಿಯರೊಬ್ಬರು, "ಅದನ್ನು ಇಳಿಸು ಬೇಟಾ, ಮೊದಲು ಕೇಳು" ಎಂದರು. ಒಂದೇ ಎಳೆಯಲ್ಲಿ ಕೊರಗಿದಂತೆ ಪೀಪ್ ಎಂದರೆ ಚಿಫ್‌ಚಾಫ್. ಎರಡು ತುಂಡಾಗಿ ಚು-ವೀ ಎಂದರೆ ಹ್ಯೂಮನ ಉಲಿಯಕ್ಕಿ. ಆಮೇಲೆ ಬೇಕಾದರೆ ರೆಕ್ಕೆಯ ಮೇಲಿನ ತೆಳು ಪಟ್ಟಿ ನೋಡಿ ಖಾತ್ರಿ ಮಾಡಿಕೋ, ಚಿಫ್‌ಚಾಫಿಗೆ ಅದಿಲ್ಲ. ಅವರು ವರ್ಷಗಟ್ಟಲೆ ಕಿವಿಗೊಟ್ಟು ಗಳಿಸಿದ್ದು ನನಗೆ ಒಂದು ಗ್ಲಾಸು ಚಹಾ ಮುಗಿಯುವಷ್ಟರಲ್ಲಿ ಸಿಕ್ಕಿತು. ಚಹಾದ ದುಡ್ಡನ್ನೂ ಅವರೇ ಕೊಟ್ಟರು.

ಆ ಹ್ಯೂಮ್ ಬೇರೆ ಯಾರೂ ಅಲ್ಲ, ಕಾಂಗ್ರೆಸ್ ಸ್ಥಾಪನೆಯಲ್ಲಿ ಹೆಸರಾದ ಎ. ಓ. ಹ್ಯೂಮ್. ಅವನು 1872ರಲ್ಲಿ ಆರಂಭಿಸಿದ 'ಸ್ಟ್ರೇ ಫೆದರ್ಸ್' ಪತ್ರಿಕೆಗೆ ದೇಶದ ಮೂಲೆಮೂಲೆಯ ಹವ್ಯಾಸಿಗಳು ಟಿಪ್ಪಣಿ ಕಳಿಸುತ್ತಿದ್ದರು, ಅವು ಅವರವರ ಹೆಸರಿನಲ್ಲೇ ಅಚ್ಚಾಗುತ್ತಿದ್ದವು. (ಹಕ್ಕಿ ಹೊಡೆದುಕೊಟ್ಟ, ಚರ್ಮ ಬಿಡಿಸಿದ ನಮ್ಮವರ ಹೆಸರುಗಳನ್ನು ಹುಡುಕಿದರೆ ಮಾತ್ರ ನಿರಾಸೆಯೇ.) ಮಹಾಗ್ರಂಥವೊಂದಕ್ಕೆಂದು ಹ್ಯೂಮ್ ತನ್ನ ಬಳಿಯೇ ಇಟ್ಟುಕೊಂಡಿದ್ದ ಹಸ್ತಪ್ರತಿಗಳನ್ನು ಶಿಮ್ಲಾದ ಮನೆಯ ಆಳೊಬ್ಬ ರದ್ದಿಗೆ ಮಾರಿಬಿಟ್ಟ. ಹಂಚಿದ್ದು ಉಳಿಯಿತು, ಕಪಾಟಿನಲ್ಲಿದ್ದದ್ದು ಪೊಟ್ಟಣ ಕಟ್ಟಲು ಹೋಯಿತು. ಮನನೊಂದ ಹ್ಯೂಮ್ 80,000ಕ್ಕೂ ಹೆಚ್ಚು ಚರ್ಮ, ಮೊಟ್ಟೆಗಳ ಸಂಗ್ರಹವನ್ನು 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ.

ದಿಲ್ಲಿಯಲ್ಲಿ ಈ ಹಂಚಿಕೆಯ ಚಾಳಿ ಹಳೆಯದು. 1950ರಲ್ಲೇ ಇಲ್ಲೊಂದು ಪಕ್ಷಿವೀಕ್ಷಕರ ಸಂಘ ಹುಟ್ಟಿತು. ಅದರ ಸದಸ್ಯ ಪೀಟರ್ ಜಾಕ್ಸನ್ ಇಂದಿರಾ ಗಾಂಧಿಯವರಿಗೆ ಬರೆದ ಪತ್ರದ ಫಲವಾಗಿ ಗುರುಗ್ರಾಮದ ಬಳಿಯ ಸುಲ್ತಾನ್‌ಪುರ ಕೆರೆ ಪಕ್ಷಿಧಾಮವಾಯಿತು. ಈಗ ಹಕ್ಕಿಪಟ್ಟಿಗಳೆಲ್ಲ ಫೋನಿನಿಂದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಇ-ಬರ್ಡ್ ಜಾಲತಾಣಕ್ಕೆ ಹೋಗುತ್ತವೆ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತದ್ದು ಸುಮಾರು 30,000 ಹವ್ಯಾಸಿಗಳ 3 ಕೋಟಿ ದಾಖಲೆಗಳ ಮೇಲೆ. ಕಾರ್ನೆಲ್‌ನದೇ ಮರ್ಲಿನ್ ಆ್ಯಪ್ ಕೂಗು ಕೇಳಿಸಿದರೆ ಹಕ್ಕಿಯ ಹೆಸರು ಹೇಳುತ್ತದೆ. ಅದು ಕಲಿತದ್ದೂ ನಮ್ಮಂಥವರು ಮುಂಜಾನೆ ನಡುಗುತ್ತ ಮುದ್ರಿಸಿ ಕಳಿಸಿದ ದನಿಗಳಿಂದಲೇ.

ಹಾಗಾದರೆ ಆ ತಿಳಿವಳಿಕೆ ಯಾರ ಆಸ್ತಿ? ಕಾನೂನಿಗೆ ಇದರಲ್ಲಿ ಗೊಂದಲವಿಲ್ಲ. ದಿಲ್ಲಿಯ ನಾಟಕಕಾರ ಆರ್. ಜಿ. ಆನಂದ್, ತಮ್ಮ ನಾಟಕದ ವಸ್ತುವನ್ನು 'ನ್ಯೂ ದೆಹಲಿ' ಚಿತ್ರ ಕದ್ದಿದೆಯೆಂದು ದಾವೆ ಹೂಡಿದ್ದರು. ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ಬಗೆಗೆ ಮಾತ್ರ ಇದೆ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಲೆಕ್ಕದಲ್ಲಿ ನಾನು ತೆಗೆದ ಫೋಟೋ ನನ್ನದು, ಮುದ್ರಿಸಿದ ದನಿ ನನ್ನದು. ಜಾಲಿಯಲ್ಲಿ ಹ್ಯೂಮನ ಉಲಿಯಕ್ಕಿ ಇದೆ ಎಂಬ ಸಂಗತಿ, ಅದನ್ನು ಗುರುತಿಸುವ ಉಪಾಯ ಯಾರದೂ ಅಲ್ಲ.

ನನಗಿದು ಒಪ್ಪಿಗೆಯೇ. ಕಂಡ ಹಕ್ಕಿಯನ್ನು ಬಚ್ಚಿಡುವ ಜಿಪುಣರನ್ನು ಕಂಡರೆ ನನಗಾಗದು. ಆದರೆ ಒಡೆತನ ಬೇಡವೆಂದರೆ ಹೆಸರೂ ಬೇಡವೆಂದಲ್ಲ. ಮರ್ಲಿನ್‌ನಲ್ಲಿ ಫೋಟೋದ ಜೊತೆ ತೆಗೆದವರ ಹೆಸರಿರುತ್ತದೆ. ಕೂಗನ್ನು ಗುರುತಿಸಿ ಕೊಡುವಾಗ ಮಾತ್ರ, ಆ ಕಿವಿಯನ್ನು ತಯಾರು ಮಾಡಿದ ಸಾವಿರಾರು ಜನ ಕಾಣೆಯಾಗುತ್ತಾರೆ. ಹ್ಯೂಮ್ ಪಾಲಿಸಿದ್ದ ಮರ್ಯಾದೆಯನ್ನು ಆ್ಯಪ್ ಕೂಡ ಪಾಲಿಸಲಿ.

ಚಳಿಗಾಲದಲ್ಲಿ ದಿಲ್ಲಿಗೆ ಬಂದರೆ ಒಂದು ಮುಂಜಾನೆ ಓಖ್ಲಾಕ್ಕೆ ಬನ್ನಿ. ಕೊರಳಿಗೆ ದುರ್ಬೀನು ತೂಗುಹಾಕಿಕೊಂಡ ಯಾರನ್ನು ಕೇಳಿದರೂ ಗೊತ್ತಿದ್ದದ್ದನ್ನೆಲ್ಲ ಹೇಳುತ್ತಾರೆ. ಗೂಬೆಯ ಗೂಡೆಲ್ಲಿದೆ ಎಂದು ಮಾತ್ರ ಕೇಳಬೇಡಿ. ಅದನ್ನು ನಾನೂ ಹೇಳುವುದಿಲ್ಲ.