ಪವಾಯಿಯ ಕೆರೆ ಮತ್ತು ಮಲಗಿದ ಬ್ಯಾಟರಿ

ಮುಂಬಯಿಗೆ ಬಂದ ನೆಂಟರಿಗೆ ತೋರಿಸತಕ್ಕ ಸ್ಥಳಗಳಲ್ಲಿ ಪವಾಯಿಯೂ ಒಂದು. ನಗರಕ್ಕೆ ಕುಡಿಯುವ ನೀರು ಒದಗಿಸಲೆಂದು ಕಟ್ಟಿದ ಕೆರೆ ಇಲ್ಲಿಯದು. ನೀರು ಕುಡಿಯಲು ತಕ್ಕದ್ದಲ್ಲವೆಂದು ಕಂಡ ಮೇಲೆ ಅದು ಕಾರಖಾನೆಗಳಿಗೂ ತೋಟಗಳಿಗೂ ಮೀಸಲಾಯಿತು. ಹತ್ತಿರದಲ್ಲೇ 1959ರ ಮಾರ್ಚಿನಲ್ಲಿ ಪಂಡಿತ ನೆಹರೂ ಅಸ್ತಿಭಾರವಿಟ್ಟ ಐ.ಐ.ಟಿ., ಅದರ ಆವರಣದಲ್ಲಿ ಪದ್ಮಾವತಿ ದೇವಿಯ ಗುಡಿ. ಇನ್ನೊಂದೆಡೆ ಹೀರಾನಂದಾನಿಯ ಮುಗಿಲೆತ್ತರದ ಮನೆಗಳು. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿದ್ದು ಮೀಠಿ ನದಿಯ ಕಡೆಗೆ ನೀರು ಹರಿಯುವುದನ್ನು ನೋಡಿದರೆ ನಮ್ಮ ಊರಿನ ಕೆರೆಗಳ ನೆನಪಾಗದಿರದು.

ಇಷ್ಟೆಲ್ಲ ಇದ್ದರೂ ಪವಾಯಿಗೆ ಲೋಕಲ್ ರೈಲಿನ ಸ್ಟೇಶನ್ ಇಲ್ಲ. ನಾವು ನೌಕರಿಯವರು ಬಸ್ಸನ್ನೋ ರಿಕ್ಷಾವನ್ನೋ ಹಿಡಿದು ಕಾಂಜೂರಮಾರ್ಗಕ್ಕೆ ಓಡುತ್ತೇವೆ. ಸಾಲ ಮಾಡಿ ಕೊಂಡ ಕಾರು ಮಾತ್ರ ಕಟ್ಟಡದ ಕೆಳಗೆ ಹೊದಿಕೆ ಹೊದ್ದು ಸುಖನಿದ್ರೆ ಮಾಡುತ್ತದೆ. ಎಬ್ಬಿಸುವುದು ಭಾನುವಾರ, ಇಲ್ಲವೆ ಊರಿಗೆ ಹೊರಡುವ ದಿನ. ಆಗ ಬೀಗದ ಕೈ ತಿರುಗಿಸಿದರೆ ‘ಟಿಕ್ ಟಿಕ್’ ಎಂಬ ಸದ್ದೊಂದೇ!

ಕಾರಣ ಸರಳವಾದುದು. ಎಂಜಿನನ್ನು ಎಬ್ಬಿಸುವಾಗ ಸ್ಟಾರ್ಟರು ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟನ್ನು ಒಮ್ಮೆಗೇ ಎಳೆಯುತ್ತದೆ. ಹಾಗೆ ಖರ್ಚಾದುದನ್ನು ಆಲ್ಟರ್ನೇಟರು ಮತ್ತೆ ತುಂಬಬೇಕಾದರೆ ಕಾರು ಸ್ವಲ್ಪ ದೂರ ಓಡಬೇಕು. ಜೋಗೇಶ್ವರಿ–ವಿಕ್ರೋಲಿ ರಸ್ತೆಯಲ್ಲಿ ಅರ್ಧ ಮೈಲಿ ತೆವಳಿದರೆ ಸಾಲದು. ನಿಂತ ಕಾರಿನಲ್ಲಿಯೂ ಗಡಿಯಾರ, ಕಳ್ಳಗಂಟೆಗಳು ಹನಿಹನಿಯಾಗಿ ಹೀರುತ್ತಲೇ ಇರುತ್ತವೆ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳ ಅವಸ್ಥೆ ವಾಚಕರಿಗೆ ನೆನಪಿರಬಹುದು.

ಹೋದ ವರ್ಷ ನಮ್ಮ ಕಟ್ಟಡದ ಹಿರಿಯರೊಬ್ಬರಿಗೆ ಕುಂದಾಪುರದಿಂದ ತಾಯಿಯ ಕಾಯಿಲೆಯ ಸುದ್ದಿ ಬಂದಿತು. ಭಾನುವಾರ ನಸುಕಿಗೆ ಹೊರಡುವುದೆಂದು ನಿಶ್ಚಯ. ಶುಕ್ರವಾರ ಸಂಜೆ ನೋಡಿದರೆ ಕಾರಿನಲ್ಲಿ ಉಸಿರಿಲ್ಲ. ಬಂದ ಮೆಕ್ಯಾನಿಕ್ ಬಾನೆಟ್ ತೆರೆದವನೇ, “ಸಾಬ್, ಇದು ಹೋಯಿತು, ಹೊಸದು ಹಾಕಿಸಿ” ಎಂದು ತೀರ್ಪಿತ್ತ. ಬ್ಯಾಟರಿಗೆ ಎರಡು ವರ್ಷವೂ ತುಂಬಿರಲಿಲ್ಲ. “ಸ್ವಲ್ಪ ತಡೆಯಿರಿ, ನಾಡಿ ನೋಡೋಣ” ಎಂದು ನಾನು ಮನೆಯಿಂದ ಮಲ್ಟಿಮೀಟರ್ ತಂದೆ.

ನಾಡಿಯ ಲೆಕ್ಕ ಹೀಗಿದೆ. ಕೆಲವು ಗಂಟೆ ವಿಶ್ರಾಂತಿ ಪಡೆದ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಅದು ತುಂಬಿದೆ, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಾದರೆ ಬಹುಮಟ್ಟಿಗೆ ಬರಿದು. ಅಲ್ಲಿ ತೋರಿದ್ದು 11.8. ಎಂದರೆ ಸತ್ತದ್ದಲ್ಲ, ಹಸಿದದ್ದು! ಟರ್ಮಿನಲ್ಲುಗಳ ಮೇಲೆ ಬಿಳಿಯ ಪುಡಿಯೂ ಕಟ್ಟಿತ್ತು. ಅಡಿಗೆ ಸೋಡದ ನೀರಿನಲ್ಲಿ ಅದನ್ನು ತೊಳೆದು ಒರೆಸಿದೆವು. ಕಳಚುವಾಗ ಋಣದ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಈ ಕ್ರಮವನ್ನು ಮರೆಯಬಾರದು.

ಚಾರ್ಜ್ ಮಾಡುವುದರಲ್ಲಿ ಅವಸರ ಸಲ್ಲದು. 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದರ ಹತ್ತನೆಯ ಒಂದು ಪಾಲು, ಎಂದರೆ ಮೂರೂವರೆ ಆಂಪಿಯರಿನಂತೆ ಹತ್ತು–ಹನ್ನೆರಡು ಗಂಟೆ ಉಣಿಸಬೇಕು. ಆಗ ಹೊರಡುವ ಜಲಜನಕ ಒಂದು ಕಿಡಿಗೇ ಸ್ಫೋಟಿಸುತ್ತದೆ. ಆದಕಾರಣ ಗಾಳಿಯಾಡುವ ಸ್ಥಳವೇ ಬೇಕು; ಬೀಡಿಯಾಗಲಿ ಊದುಬತ್ತಿಯಾಗಲಿ ಹತ್ತಿರ ಸುಳಿಯಕೂಡದು. ಒಳಗಿನ ಆಮ್ಲ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಶನಿವಾರ ಬೆಳಿಗ್ಗೆ ಚಾರ್ಜರ್ ತೆಗೆದೆವು. ಸಂಜೆಯವರೆಗೆ ಬಿಟ್ಟು ನೋಡಿದರೆ 12.6 ನಿಂತಿತ್ತು. ಎಂಜಿನ್ ಎಬ್ಬಿಸುವ ಕ್ಷಣದಲ್ಲಿ ವೋಲ್ಟೇಜು 9.6ಕ್ಕಿಂತ ಕೆಳಗಿಳಿಯಲಿಲ್ಲ; ಓಡುವಾಗ 14ರಷ್ಟಿತ್ತು. ಬ್ಯಾಟರಿಯೂ ನೆಟ್ಟಗೆ, ಆಲ್ಟರ್ನೇಟರೂ ನೆಟ್ಟಗೆ. ಹಾಗಾದರೆ ಕರೆಂಟನ್ನು ಕುಡಿದವರು ಯಾರು? ಹುಡುಕಿದಾಗ, ಡಿಕ್ಕಿಯ ಬಾಗಿಲು ಪೂರ್ತಿ ಕೂಡದೆ ಒಳಗಿನ ಪುಟ್ಟ ದೀಪ ವಾರಗಟ್ಟಲೆ ಉರಿದದ್ದು ತಿಳಿಯಿತು. ಭಾನುವಾರ ನಸುಕಿನಲ್ಲಿ ಕಾರು ಪನವೇಲಿನ ದಾರಿ ಹಿಡಿಯಿತು. ತಾಯಿ ಮಗನ ಮುಖ ನೋಡಿದರು.

ತುಂಬಿಸಿದರೂ ರಾತ್ರಿ ಕಳೆಯುವುದರೊಳಗೆ ಇಳಿದುಬಿಡುವ ಬ್ಯಾಟರಿಗೆ ಮಾತ್ರ ಬೇರೆ ಮದ್ದಿಲ್ಲ, ಹೊಸದನ್ನೇ ತರಬೇಕು. ಹಳೆಯದನ್ನು ಅಂಗಡಿಗೇ ಹಿಂತಿರುಗಿಸತಕ್ಕದ್ದು. ಅದರಲ್ಲಿರುವ ಸೀಸ ವಿಷ. ಕೆರೆಯ ಅಂಚಿನಲ್ಲಿ ಎಸೆದರೆ ನೀರಿಗೇ ಸೇರೀತು. ಈಗಾಗಲೇ ಕುಡಿಯಲು ಬಾರದ ಕೆರೆಗೆ ನಮ್ಮದೊಂದು ಪಾಲು ಬೇಡ.

ನಮ್ಮ ಬಾಂಧವರಲ್ಲಿ ನನ್ನ ಬಿನ್ನಹ ಇಷ್ಟೇ: ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಕಾರನ್ನು ಓಡಿಸಿ, ಇಳಿಯುವಾಗ ದೀಪಗಳನ್ನು ನೋಡಿ. ಊರಿನಿಂದ ಕರೆ ಯಾವ ಹೊತ್ತಿಗೆ ಬರುವುದೋ ಯಾರು ಬಲ್ಲರು!